ನೋಟಿನಂತೆ ಕಾಣುವ ಕಾಗದಕ್ಕೆ 300 ರೂಪಾಯಿ ದಂಡ ಸಾಕೇ? ರಿಸರ್ವ್ ಬ್ಯಾಂಕ್ ಗವರ್ನರ್ ಅವರಿಗೆ ಒಂದು ಬಹಿರಂಗ ಪತ್ರ

ಗೆ,
ಗವರ್ನರ್ ಅವರು,
ಭಾರತೀಯ ರಿಸರ್ವ್ ಬ್ಯಾಂಕ್,
ಮುಂಬೈ

ವಿಷಯ: ನೋಟಿನ ಹಾಗೆ ಕಾಣುವ ಕಾಗದಗಳ ಮುದ್ರಣ ತಡೆಯುವ ಬಗ್ಗೆ, ಮತ್ತು ನಮ್ಮಂಥ ಮುದ್ರಕರಿಗೆ ಸ್ಪಷ್ಟ ನಿಯಮ ಕೊಡುವ ಬಗ್ಗೆ

ಮಾನ್ಯರೇ,

ನಾನು ಮೈಸೂರಿನಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಇದೇ ನನ್ನ ಕೆಲಸ. ಅಪ್ಪನ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಮೆಷಿನ್ನು ತುಳಿಯುತ್ತಿದ್ದರು. ಈಗ ಒಂದು ಸೆಕೆಂಡ್ ಹ್ಯಾಂಡ್ ಆಫ್‌ಸೆಟ್ ಮೆಷಿನ್ನು, ಒಂದು ಡಿಜಿಟಲ್ ಮೆಷಿನ್ನು ಇದೆ. ನಮ್ಮ ಊರಲ್ಲೇ, ಮೇಟಗಳ್ಳಿ ಕಡೆ, ನಿಮ್ಮ ನೋಟು ಮುದ್ರಣಾಲಯವೂ ಇದೆ. 1996ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ನೋಟಿನ ಕಾಗದದ ಗಿರಣಿ ಇದೇ ಊರಿನಲ್ಲಿದೆ. 2022ರಲ್ಲಿ ಶುರುವಾದ ಶಾಯಿಯ ಘಟಕ ವರ್ಣಿಕಾ ಕೂಡ ಇಲ್ಲೇ. ಆ ಕಾಂಪೌಂಡಿನ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಅಪ್ಪ ಒಂದು ಮಾತು ಹೇಳುತ್ತಿದ್ದರು: "ನಾವು ಮಾಡೋದೂ ಅಚ್ಚಿನ ಕೆಲಸ, ಅವರು ಮಾಡೋದೂ ಅಚ್ಚಿನ ಕೆಲಸ. ಆದ್ರೆ ಅದನ್ನ ಮಾತ್ರ ನಾವು ಮುಟ್ಟಬಾರದು ಕಣೋ."

ಅದನ್ನು ಮುಟ್ಟುವವರು ಈಗ ಜಾಸ್ತಿಯಾಗಿದ್ದಾರೆ. ಅದರ ಬಗ್ಗೆಯೇ ಈ ಪತ್ರ.

ನನ್ನ ಅಂಗಡಿಯ ಮುಂದಿನ ಕಟ್ಟೆಯಲ್ಲಿ ಒಬ್ಬ ಹೆಂಗಸು ಹೂ ಮಾರುತ್ತಾರೆ. ವಯಸ್ಸು ಅರವತ್ತು ದಾಟಿದೆ. ನಾವೆಲ್ಲ ಹೂವಮ್ಮ ಅಂತಲೇ ಕರೆಯುವುದು. ಹೋದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸಂಜೆ, ಬೀದಿ ತುಂಬಾ ಜನ. ಮಳೆ ಹನಿಯುತ್ತಿತ್ತು. ಸ್ಕೂಟರಿನಲ್ಲಿ ಬಂದವನೊಬ್ಬ ಒಂದು ಮಾರು ಸೇವಂತಿಗೆ, ಒಂದು ಮಾರು ಕಾಕಡ ತಗೊಂಡ. 280 ರೂಪಾಯಿ ಆಯಿತು. ಎರಡಾಗಿ ಮಡಚಿದ ಐನೂರರ ನೋಟು ಕೊಟ್ಟ. ಹೂವಮ್ಮ 220 ರೂಪಾಯಿ ಚಿಲ್ಲರೆ ಎಣಿಸಿಕೊಟ್ಟರು. ಒದ್ದೆ ಕೈ, ಮುಂದೆ ನಾಲ್ಕು ಜನ ಕಾಯುತ್ತಿದ್ದಾರೆ, ನೋಟು ಬಿಡಿಸಿ ನೋಡಲಿಲ್ಲ. ರಾತ್ರಿ ಬುಟ್ಟಿ ಎತ್ತುವಾಗ ನನ್ನ ಹತ್ತಿರ ಬಂದರು. "ನೋಡಪ್ಪ, ಇದ್ಯಾಕೋ ನೋಟಿನ ಥರ ಇಲ್ಲ ಕಣಪ್ಪ" ಅಂದರು.

ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದೆ. ಅದು ಖೋಟಾ ನೋಟು ಕೂಡ ಅಲ್ಲ. ರಿಸರ್ವ್ ಬ್ಯಾಂಕ್ ಹೆಸರು ಇರಬೇಕಾದ ಕಡೆ "ಮನೋರಂಜನ್ ಬ್ಯಾಂಕ್" ಅಂತ ಹಿಂದಿಯಲ್ಲಿ ಸಣ್ಣಗೆ ಇತ್ತು. ನಂಬರಿನ ಜಾಗದಲ್ಲಿ ಬರೀ ಸೊನ್ನೆ. ಉಳಿದಂತೆ ಎಲ್ಲ ನಿಮ್ಮದೇ. ಅದೇ ಕಲ್ಲಿನ ಬೂದು ಬಣ್ಣ, ಅದೇ ಗಾಂಧೀಜಿ, ಹಿಂದೆ ಅದೇ ಕೆಂಪುಕೋಟೆ. ಸ್ಕೇಲ್ ಇಟ್ಟು ಅಳೆದೆ. 66 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದ. ನಿಮ್ಮ ನೋಟಿನ ಅಳತೆಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

ಡಾಟ್ ನೋಡುವ ಭೂತಗನ್ನಡಿ ಇಟ್ಟೆ. ನಿಮ್ಮ ನೋಟಿನಲ್ಲಿ ಗಾಂಧೀಜಿಯ ಮುಖ ಗೆರೆಗಳಿಂದ ಆಗಿರುತ್ತದೆ, ಬೆರಳಾಡಿಸಿದರೆ ಶಾಯಿ ಉಬ್ಬಿರುವುದು ತಿಳಿಯುತ್ತದೆ. ಇದರಲ್ಲಿ ಬರೀ ಚುಕ್ಕಿ. ನಾಲ್ಕು ಬಣ್ಣದ ಮಾಮೂಲಿ ಆಫ್‌ಸೆಟ್, ನಾನು ಜ್ಯೂಯೆಲರಿ ಅಂಗಡಿಯ ಪಾಂಪ್ಲೆಟ್ ಹಾಕುವ ಹಾಗೆಯೇ. ಕಾಗದವೂ ಅದೇ ಆರ್ಟ್ ಪೇಪರು. ಒಳಗೆ ಇರಬೇಕಾದ ದಾರವನ್ನು ಹಸಿರು ಗೆರೆಯಾಗಿ ಎಳೆದಿದ್ದಾರೆ. ಹಿಂಬದಿಯಲ್ಲಿ 15 ಭಾಷೆಗಳ ಸಾಲು ಇದೆಯಲ್ಲ, ಅದರಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ಈ ಕಾಗದದಲ್ಲಿ ಕನ್ನಡದ ಕೊಂಬು ಒಂದು ಕಡೆ, ಅಕ್ಷರ ಒಂದು ಕಡೆ ಬಿದ್ದಿತ್ತು. ಮೊಳೆ ಜೋಡಿಸಿದವರ ಮನೆಯಲ್ಲಿ ಹುಟ್ಟಿದವನು ನಾನು. ಅದನ್ನು ನೋಡಿ ಹೊಟ್ಟೆ ಉರಿಯಿತು.

ಅಷ್ಟೆಲ್ಲ ವ್ಯತ್ಯಾಸ ನನಗೆ ಕಾಣುತ್ತದೆ, ನನ್ನ ಕಸುಬೇ ಅದು. ಮಳೆಯಲ್ಲಿ, ಬೀದಿ ದೀಪದ ಕೆಳಗೆ, ಮಡಚಿದ ನೋಟಿನಲ್ಲಿ ಹೂವಮ್ಮನಿಗೆ ಏನು ಕಾಣಬೇಕು? ಬಣ್ಣ, ಅಳತೆ, ಗಾಂಧೀಜಿ. ಆ ಮೂರೂ ಸರಿಯಾಗಿಯೇ ಇದ್ದವು.

ಮಾರನೇ ದಿನ ಹಬ್ಬದ ವ್ಯಾಪಾರ, ಅದರ ಮೇಲೆ ಶನಿವಾರ, ಭಾನುವಾರ. ಸೋಮವಾರ ನಾನೇ ಜೊತೆಗೆ ಹೋದೆ. ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್ ಅದನ್ನು ನೋಡಿ ಗಾಜಿನ ಕೆಳಗಿಂದ ವಾಪಸ್ ತಳ್ಳಿದರು. "ಇದು ಆಟದ ನೋಟಮ್ಮ, ಮೊಮ್ಮಕ್ಕಳಿಗೆ ಕೊಡಿ" ಅಂದರು. ಖೋಟಾ ನೋಟು ಬಂದರೆ ಬ್ಯಾಂಕಿನವರು ಅದನ್ನು ವಾಪಸ್ ಕೊಡಬಾರದು, ಮುದ್ರೆ ಒತ್ತಿ ಇಟ್ಟುಕೊಳ್ಳಬೇಕು, ಕೊಟ್ಟವರಿಗೆ ರಸೀದಿ ಕೊಡಬೇಕು ಅಂತ ನಿಮ್ಮದೇ ನಿರ್ದೇಶನ ಇದೆ. ಒಂದೇ ಸಲಕ್ಕೆ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಯಲ್ಲಿ ಪೊಲೀಸರಿಗೆ ವರದಿ ಮಾಡಬೇಕು, ಐದು ಅಥವಾ ಜಾಸ್ತಿ ಸಿಕ್ಕರೆ ಕೂಡಲೇ ದೂರು ಕೊಡಬೇಕು ಅಂತಲೂ ಇದೆ. ಇದನ್ನು ನಾನು ಹೇಳಿದೆ. "ಅದು ಖೋಟಾ ನೋಟಿಗೆ ಸಾರ್, ಇದು ಖೋಟಾ ಅಲ್ಲ" ಅಂದರು. ಅಲ್ಲಿಂದ ಠಾಣೆಗೆ ಹೋದೆವು. ಅಲ್ಲೂ ಅದೇ ಮಾತು. ಅದರ ಮೇಲೆ ಬೇರೆ ಬ್ಯಾಂಕಿನ ಹೆಸರಿದೆ, ನಮ್ಮಿಂದ ಏನೂ ಆಗಲ್ಲ, ನೋಡಿ ತಗೋಬೇಕಿತ್ತು ಅಂದರು.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಆ ಕಾಗದ ಅಸಲಿಯೂ ಅಲ್ಲ, ಖೋಟಾವೂ ಅಲ್ಲ. ಬ್ಯಾಂಕ್ ಅದನ್ನು ಹಿಡಿದಿಟ್ಟುಕೊಳ್ಳಲಿಲ್ಲ, ಪೊಲೀಸರು ಬರೆದುಕೊಳ್ಳಲಿಲ್ಲ. ಎಷ್ಟು ಖೋಟಾ ನೋಟು ಸಿಕ್ಕಿತು ಅಂತ ನಿಮ್ಮ ವಾರ್ಷಿಕ ವರದಿಯಲ್ಲಿ ಪ್ರತಿವರ್ಷ ಲೆಕ್ಕ ಬರುತ್ತದೆ. ಹೂವಮ್ಮನ ಐನೂರು ಆ ಲೆಕ್ಕದೊಳಗೆ ಬರುವುದೇ ಇಲ್ಲ. ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಹೂ ತರಲು ಅವರು ದಿನದ ಬಡ್ಡಿಗೆ ಸಾಲ ತಗೊಳ್ಳುತ್ತಾರೆ. ಹಬ್ಬದ ದಿನದ ಲಾಭ ಅಲ್ಲಿಗೆ ಮುಗಿಯಿತು.

ಇಂಥದ್ದಕ್ಕೆ ಕಾನೂನೇ ಇಲ್ಲ ಅಂತಲ್ಲ. ಇದೆ. ಭಾರತೀಯ ನ್ಯಾಯ ಸಂಹಿತೆಯ 178ನೇ ಸೆಕ್ಷನ್ ಖೋಟಾ ನೋಟು ಮಾಡುವವರಿಗೆ. ಜೀವಾವಧಿವರೆಗೂ ಶಿಕ್ಷೆ ಆಗಬಹುದು. 179 ಅದನ್ನು ಚಲಾಯಿಸುವವರಿಗೆ. 180 ಇಟ್ಟುಕೊಂಡವರಿಗೆ, ಏಳು ವರ್ಷದವರೆಗೆ. 181 ಅದಕ್ಕೆ ಬೇಕಾದ ಯಂತ್ರ, ಸಾಮಾನು ಇಟ್ಟುಕೊಂಡವರಿಗೆ. ಉತ್ತಮ ದರ್ಜೆಯ ಖೋಟಾ ನೋಟು ತಂದು ದೇಶದ ಹಣಕಾಸು ಕೆಡಿಸುವುದನ್ನು ಭಯೋತ್ಪಾದನೆ ಅಂತಲೇ ಕಾನೂನು ಕರೆಯುತ್ತದೆ. ಅದೆಲ್ಲ ಸರಿಯಾಗಿಯೇ ಇದೆ. ಗೊತ್ತಿಲ್ಲದೆ ಕೈಗೆ ಬಂದ ನೋಟಿಗೆ ಬಡವರನ್ನು ಜೈಲಿಗೆ ಹಾಕಬಾರದು ಅನ್ನುವುದನ್ನೂ ನ್ಯಾಯಾಲಯ ಹೇಳಿದೆ. ಒಂದು ಕಿಲೋ ಮಾವಿನಹಣ್ಣಿಗೆ ನೂರರ ನೋಟು ಕೊಟ್ಟು ಸಿಕ್ಕಿಬಿದ್ದ 18 ವರ್ಷದ ಹುಡುಗನನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಬಿಡುಗಡೆ ಮಾಡಿತು. ಅದು ಖೋಟಾ ಅಂತ ಅವನಿಗೆ ತಿಳಿದಿತ್ತು ಅನ್ನುವುದು ರುಜುವಾತಾಗಬೇಕು ಅಂತ ಹೇಳಿತು.

ಆಮೇಲೆ ಬರುವುದು 182. ನೋಟಿನ ಹಾಗೆ ಕಾಣುವ ಕಾಗದ ಮಾಡುವವರಿಗೆ, ಮಾಡಿಸುವವರಿಗೆ, ಹಂಚುವವರಿಗೆ ಇರುವ ಸೆಕ್ಷನ್ ಇದೇ. ಹೂವಮ್ಮನ ಕೈಗೆ ಬಂದ ಕಾಗದಕ್ಕೆ ಹೊಂದುವುದು ಇದೇ. "ಯಾವುದೇ ರೀತಿಯಲ್ಲಿ ಹೋಲುವ" ಅನ್ನುವಷ್ಟು ವಿಶಾಲವಾಗಿ ಬರೆದಿದ್ದಾರೆ. ಶಿಕ್ಷೆ ಎಷ್ಟು ಗೊತ್ತೇ? ಹೆಚ್ಚೆಂದರೆ 300 ರೂಪಾಯಿ ದಂಡ. ಆ ಕಾಗದದ ಮೇಲೆ ಹೆಸರಿರುವವನು, ಇದನ್ನು ಅಚ್ಚು ಹಾಕಿದ್ದು ಯಾರು ಅಂತ ಪೊಲೀಸರು ಕೇಳಿದಾಗ ಹೇಳದೆ ಹೋದರೆ 600 ರೂಪಾಯಿ.

ಹಳೇ ದಂಡ ಸಂಹಿತೆಯಲ್ಲಿ ಈ ಸೆಕ್ಷನ್ ಸೇರಿದ್ದು 1943ರಲ್ಲಿ. ಆಗ ದಂಡ 100 ರೂಪಾಯಿ. ಆ ಕಾಲಕ್ಕೆ ಅದು ಕೂಲಿ ಮಾಡುವವನ ಎಷ್ಟೋ ತಿಂಗಳ ದುಡಿಮೆ. ಸಣ್ಣ ಅಚ್ಚುಕೂಟದವನು ನಿಜವಾಗಿಯೂ ಹೆದರುತ್ತಿದ್ದ. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂತು. 80 ವರ್ಷ ಕಳೆದ ಮೇಲೆ ಆ ನೂರನ್ನು ಮುನ್ನೂರು ಮಾಡಿದರು. ಇವತ್ತು ಮುನ್ನೂರು ರೂಪಾಯಿಗೆ ನನ್ನ ಅಂಗಡಿಯಲ್ಲಿ ನೂರು ವಿಸಿಟಿಂಗ್ ಕಾರ್ಡ್ ಆಗುತ್ತದೆ, ಅಷ್ಟೇ.

ಈ ದಂಡ ಯಾರನ್ನೂ ತಡೆಯುವುದಿಲ್ಲ ಅನ್ನುವುದಕ್ಕೆ ನಾನೇ ಸಾಕ್ಷಿ. ಮೂರು ತಿಂಗಳ ಹಿಂದೆ ಒಬ್ಬರು ಬಂದು ಐದು ಸಾವಿರ ಪಾಂಪ್ಲೆಟ್ ಬೇಕು ಅಂದರು. ಹೊರಗಡೆ ಅರ್ಧ ಮಡಚಿದ ಐನೂರರ ನೋಟು, ಬಿಡಿಸಿದರೆ ಒಳಗೆ ಅವರ ಅಂಗಡಿಯ ಆಫರ್. ರಸ್ತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಉದುರಿಸುತ್ತಾರಂತೆ, ಜನ ನೋಟು ಅಂತ ಬಗ್ಗಿ ಎತ್ತಿಕೊಳ್ಳುತ್ತಾರಂತೆ. ಆಗಲ್ಲ ಅಂದೆ. ಕಾನೂನು ಹೇಳಿದೆ. ಅವರು ಮೊಬೈಲಿನಲ್ಲಿ ಹುಡುಕಿ ನೋಡಿ, "ಮುನ್ನೂರು ತಾನೆ ಸಾರ್, ಬಿಲ್ಲಿಗೆ ಸೇರಿಸಿಬಿಡಿ" ಅಂದರು. ಎರಡು ಬೀದಿ ಆಚೆ ಮಾಡಿಸಿಕೊಂಡರು. ನಾಲ್ಕು ಸಾವಿರ ರೂಪಾಯಿಯ ಕೆಲಸ ನನ್ನ ಕೈ ತಪ್ಪಿತು. ಆ ಪಾಂಪ್ಲೆಟ್ ಒಂದು ವಾರ ನಮ್ಮ ಬೀದಿಯ ಚರಂಡಿಯಲ್ಲೆಲ್ಲ ಬಿದ್ದಿತ್ತು. ಅದರ ಮೇಲೆ ಅಂಗಡಿಯ ಹೆಸರು, ವಿಳಾಸ ಎಲ್ಲ ಇತ್ತು. ಕಾಗದದ ಮೇಲೆ ಯಾರ ಹೆಸರಿದೆಯೋ ಅವರೇ ಮಾಡಿಸಿದ್ದು ಅಂತ ಕೋರ್ಟ್ ಭಾವಿಸಬಹುದು, ಅಲ್ಲ ಅನ್ನುವುದನ್ನು ಅವರೇ ತೋರಿಸಬೇಕು ಅಂತಲೂ 182 ಹೇಳುತ್ತದೆ. ಇದಕ್ಕಿಂತ ಸುಲಭದ ಕೇಸು ಉಂಟೇ? ಆದರೂ ಯಾರೂ ಕೇಳಲಿಲ್ಲ. ಮುನ್ನೂರು ರೂಪಾಯಿ ದಂಡಕ್ಕೆ ಯಾವ ಪೊಲೀಸರು ಕೋರ್ಟಿಗೆ ಅಲೆಯುತ್ತಾರೆ?

ನಾನು ಸಾಚಾ ಅಂತ ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. 2017ರಲ್ಲಿ, ಹೊಸ ಎರಡು ಸಾವಿರದ ನೋಟು ಬಂದ ಹೊಸದರಲ್ಲಿ, ಅದೇ ಥರದ ಮದುವೆ ಕಾರ್ಡು ಬೇಕು ಅಂತ ಒಂದು ಮನೆಯವರು ಬಂದರು. ಇನ್ನೂರು ಕಾರ್ಡು ಹಾಕಿಕೊಟ್ಟೆ. ಗಾಂಧೀಜಿಯ ಜಾಗದಲ್ಲಿ ಗಣಪತಿ, ನಂಬರಿನ ಜಾಗದಲ್ಲಿ ಮುಹೂರ್ತದ ತಾರೀಕು. ತಪ್ಪು ಅಂತ ಹೊಳೆಯಲೇ ಇಲ್ಲ. ಅಪ್ಪ ಆಗ ಹಾಸಿಗೆ ಹಿಡಿದಿದ್ದರು, ಅವರಿಗೆ ತೋರಿಸಲಿಲ್ಲ. ತೋರಿಸಿದ್ದರೆ ಬೈಯುತ್ತಿದ್ದರು. ಆ ಕೆಲಸ ಮಾಡಬಾರದಿತ್ತು.

ಈ ಕಾಗದಗಳಿಂದ ಆಗುವುದು ಸಣ್ಣಪುಟ್ಟ ಮೋಸ ಅಂತ ತಾವು ಅಂದುಕೊಳ್ಳಬೇಡಿ. 2017ರ ಫೆಬ್ರವರಿಯಲ್ಲಿ ದೆಹಲಿಯ ಸಂಗಮ್ ವಿಹಾರ್‌ನಲ್ಲಿ ಎಟಿಎಂನಿಂದಲೇ "ಚಿಲ್ಡ್ರನ್ ಬ್ಯಾಂಕ್" ಹೆಸರಿನ ಎರಡು ಸಾವಿರದ ನೋಟುಗಳು ಬಂದವು. 2024ರಲ್ಲಿ ಅಹಮದಾಬಾದಿನ ಚಿನ್ನದ ವ್ಯಾಪಾರಿಯೊಬ್ಬರಿಗೆ, ಗಾಂಧೀಜಿಯ ಬದಲು ಸಿನಿಮಾ ನಟರೊಬ್ಬರ ಮುಖ ಇದ್ದ ನೋಟಿನ ಕಟ್ಟುಗಳನ್ನು ಕೊಟ್ಟು ಎರಡು ಕಿಲೋಗೂ ಜಾಸ್ತಿ ಚಿನ್ನ ಹೊತ್ತುಕೊಂಡು ಹೋದರು. ಕೋಟಿಗಟ್ಟಲೆ ವ್ಯಾಪಾರ ಮಾಡುವವರೇ ಮೋಸ ಹೋಗಿದ್ದಾರೆ. ಹೂವಮ್ಮನಿಗೆ "ನೋಡಿ ತಗೋಬೇಕಿತ್ತು" ಅನ್ನುವುದು ನ್ಯಾಯವೇ?

ಇನ್ನೊಂದು ಬಾಗಿಲು ನಿಮ್ಮ ಕೈಯಲ್ಲೇ ಇದೆ. ಅದು ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ನಮ್ಮ ಕಸುಬಿನಲ್ಲಿ ಇದರ ಬಿಸಿ ಎಲ್ಲರಿಗೂ ತಾಗಿದೆ. ಒಬ್ಬ ಕಲಾವಿದ ಬರೆದ ಲಕ್ಷ್ಮಿಯ ಚಿತ್ರವನ್ನು ಕೇಳದೆ ಕ್ಯಾಲೆಂಡರಿಗೆ ಹಾಕಿದರೆ, 1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಚಿತ್ರ, ಕೆತ್ತನೆ ಎಲ್ಲವೂ ಆ ಕಾಯ್ದೆಯಲ್ಲಿ ಕಲಾಕೃತಿಗಳೇ. ಸರ್ಕಾರದ ಮತ್ತು ಸಾರ್ವಜನಿಕ ಸಂಸ್ಥೆಗಳ ಕೃತಿಗೆ 60 ವರ್ಷ ರಕ್ಷಣೆ ಇದೆ. ಐವತ್ತರ ನೋಟಿನ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ ಇದೆ. ಆ ರಥವನ್ನು ಯಾರೋ ಒಬ್ಬರು ಕೂತು, ಗೆರೆ ಗೆರೆಯಾಗಿ ಎಳೆದಿದ್ದಾರೆ. ಅವರ ಕೆಲಸಕ್ಕೆ ಕ್ಯಾಲೆಂಡರ್ ಚಿತ್ರಕ್ಕೆ ಇರುವಷ್ಟು ಬೆಲೆಯೂ ಬೇಡವೇ?

ಬೇರೆ ದೇಶಗಳಲ್ಲಿ ಈ ಹಕ್ಕನ್ನು ನೋಟಿನ ಮೇಲೆಯೇ ಬರೆದುಕೊಂಡಿದ್ದಾರೆ. ಯೂರೋ ನೋಟಿನಲ್ಲಿ ಸುತ್ತು ಹಾಕಿದ ಕಾಪಿರೈಟ್ ಗುರುತು ಇದೆ. ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿನಲ್ಲೂ ಇದೆ. ಇಂಗ್ಲೆಂಡಿನಲ್ಲಿ 1981ರ ಕಾಯ್ದೆಯೊಂದು, ಯಾವ ಅಳತೆಯಲ್ಲೇ ಆಗಲಿ, ಯಾವುದರ ಮೇಲೆಯೇ ಆಗಲಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ನೋಟಿನ ಚಿತ್ರ ಹಾಕುವುದು ಅಪರಾಧ ಅನ್ನುತ್ತದೆ. ಒಪ್ಪಿಗೆ ಬೇಕಾದವರು ಅರ್ಜಿ ಹಾಕಿಕೊಳ್ಳಬಹುದು. ಯೂರೋಪಿನಲ್ಲಿ ಅಳತೆಯನ್ನೇ ಬರೆದಿಟ್ಟಿದ್ದಾರೆ. ಒಂದೇ ಬದಿ ಅಚ್ಚು ಹಾಕುವುದಾದರೆ ಉದ್ದ, ಅಗಲ ಎರಡೂ ಅಸಲಿನ ಶೇ. 125ರಷ್ಟು ಅಥವಾ ಅದಕ್ಕಿಂತ ದೊಡ್ಡದಿರಬೇಕು, ಇಲ್ಲವೇ ಶೇ. 75ರಷ್ಟು ಅಥವಾ ಅದಕ್ಕಿಂತ ಚಿಕ್ಕದಿರಬೇಕು. ಎರಡೂ ಬದಿ ಹಾಕಿದರೆ ಎರಡು ಪಟ್ಟು, ಇಲ್ಲವೇ ಅರ್ಧ. ಕಂಪ್ಯೂಟರಿನಲ್ಲಿ ತೋರಿಸುವುದಾದರೆ ಚಿತ್ರದ ಮೇಲೆ ಅಡ್ಡಲಾಗಿ "ಮಾದರಿ" ಅನ್ನುವ ಅರ್ಥದ ಪದ ಇರಬೇಕು. ಅಮೆರಿಕದಲ್ಲಿ ನೋಟಿನ ವಿನ್ಯಾಸಕ್ಕೆ ಕಾಪಿರೈಟ್ ಇಲ್ಲ, ಆದರೂ ಅಳತೆಯ ನಿಯಮ ಇದೆ. ಮುಕ್ಕಾಲಿಗಿಂತ ಚಿಕ್ಕದು ಅಥವಾ ಒಂದೂವರೆ ಪಟ್ಟಿಗಿಂತ ದೊಡ್ಡದು, ಅದೂ ಒಂದೇ ಬದಿ. ಕೆಲಸ ಮುಗಿದ ಮೇಲೆ ಪ್ಲೇಟು, ನೆಗೆಟಿವ್, ಫೈಲು ಎಲ್ಲ ನಾಶ ಮಾಡಬೇಕು. ಇದನ್ನು ಓದಿದ ಯಾವ ಮುದ್ರಕನಿಗೂ ಏನು ಮಾಡಬಹುದು, ಏನು ಮಾಡಬಾರದು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ 182ರಲ್ಲಿ ಅಳತೆಯ ಮಾತೇ ಇಲ್ಲ.

ಅಳತೆ ಬೇಕು ಅಂತ ನಾನು ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಹೋದ ವರ್ಷ ಪಕ್ಕದ ಹಳ್ಳಿಯ ಸರ್ಕಾರಿ ಶಾಲೆಯ ಮೇಡಂ ಬಂದಿದ್ದರು. ಶಾಲೆಯಲ್ಲಿ ಮಕ್ಕಳ ಸಂತೆ ಮಾಡುತ್ತಾರಲ್ಲ, ಸೊಪ್ಪು, ನಿಂಬೆಹಣ್ಣು, ಚುರುಮುರಿ ಇಟ್ಟುಕೊಂಡು ಮಕ್ಕಳೇ ವ್ಯಾಪಾರ ಮಾಡುತ್ತಾರೆ. ಚಿಕ್ಕ ತರಗತಿಯವರಿಗೆ ಲೆಕ್ಕ ಅಭ್ಯಾಸ ಮಾಡಿಸಲು ಕಾಗದದ ನೋಟು ಬೇಕಿತ್ತು. ಹತ್ತು, ಇಪ್ಪತ್ತು, ಐವತ್ತು. ನಾನು ಹೆದರಿ ಇಲ್ಲ ಅಂದುಬಿಟ್ಟೆ. ಅವರು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ರಾತ್ರಿಯೆಲ್ಲ ಕೂತು ಬರೆದರಂತೆ. ಪಾಠ ಹೇಳುವ ಮೇಡಂಗೆ ನಾನು ಇಲ್ಲ ಅಂದೆ, ಮೋಸಕ್ಕೆ ದಾರಿ ಮಾಡುವ ಪಾಂಪ್ಲೆಟ್ ಎರಡು ಬೀದಿ ಆಚೆ ಅಚ್ಚಾಯಿತು. ಸ್ಪಷ್ಟ ನಿಯಮ ಇದ್ದಿದ್ದರೆ ಇದು ತಿರುಗಾಮುರುಗಾ ಆಗುತ್ತಿತ್ತು, ಅಲ್ವಾ?

ಹಾಗಾಗಿ ತಮ್ಮಲ್ಲಿ ನನ್ನ ಬೇಡಿಕೆಗಳನ್ನು ಇಡುತ್ತಿದ್ದೇನೆ.

ಮೊದಲನೆಯದು ದಂಡದ ಮಾತು. ಅದನ್ನು ಬದಲಿಸುವುದು ಸಂಸತ್ತಿನ ಕೆಲಸ, ತಮ್ಮದಲ್ಲ ಅನ್ನುವುದು ನನಗೆ ಗೊತ್ತು. ಆದರೆ ರಿಸರ್ವ್ ಬ್ಯಾಂಕ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಬ್ಯಾಂಕ್ ನೋಟು ಹೊರಡಿಸುವ ಹಕ್ಕು ಇರುವುದು ತಮಗೆ ಮಾತ್ರ. ನೋಟಿನ ವಿನ್ಯಾಸ ಹೇಗಿರಬೇಕು ಅಂತ ತಮ್ಮ ಕೇಂದ್ರ ಮಂಡಳಿ ಶಿಫಾರಸು ಮಾಡಿದ ಮೇಲೆಯೇ ಸರ್ಕಾರ ಒಪ್ಪಿಗೆ ಕೊಡುವುದು. ಆ ವಿನ್ಯಾಸ ಕಾಯುವ ದಂಡ 300 ರೂಪಾಯಿ ಸಾಲದು ಅಂತ ತಾವು ಒಂದು ಪತ್ರ ಬರೆದರೆ ಗೃಹ ಸಚಿವಾಲಯ ಕೇಳಿಯೇ ಕೇಳುತ್ತದೆ. ಕಾಪಿರೈಟ್ ಕಾಯ್ದೆಯಲ್ಲಿ ಇರುವಷ್ಟಾದರೂ ದಂಡ ಇರಲಿ.

ಅಲ್ಲಿಯವರೆಗೆ ಆ ಕಾಪಿರೈಟ್ ಕಾಯ್ದೆಯನ್ನೇ ಬಳಸಿ. ನೋಟಿನ ವಿನ್ಯಾಸದ ಹಕ್ಕು ಯಾರದು ಅಂತ ಬಹಿರಂಗವಾಗಿ ಪ್ರಕಟಿಸಿ. ಆನ್‌ಲೈನ್‌ನಲ್ಲಿ ಕಟ್ಟುಗಟ್ಟಲೆ "ಆಟದ ನೋಟು" ಮಾರುವವರಿಗೆ, ನೋಟಿನ ಪಾಂಪ್ಲೆಟ್ ಹಂಚುವ ಅಂಗಡಿಗಳಿಗೆ ಬ್ಯಾಂಕಿನಿಂದಲೇ ನೋಟಿಸ್ ಹೋಗಲಿ. ನಾಲ್ಕು ಜನಕ್ಕೆ ಹೋದರೆ ನಲವತ್ತು ಜನ ನಿಲ್ಲಿಸುತ್ತಾರೆ. ನಮ್ಮ ಕಸುಬಿನವರನ್ನು ನಾನು ಬಲ್ಲೆ.

ಮುದ್ರಕರಿಗೆ, ಆಟಿಕೆ ಮಾಡುವವರಿಗೆ ಒಂದು ಪುಟದ ನಿಯಮ ಕೊಡಿ. ಎಷ್ಟು ಅಳತೆ, ಎಷ್ಟು ಬದಿ, ಯಾವ ಬಣ್ಣ ಬಳಸಬಾರದು, "ಮಾದರಿ" ಅಂತ ಎಷ್ಟು ದಪ್ಪಗೆ ಹಾಕಬೇಕು, ಇಷ್ಟಿದ್ದರೆ ಸಾಕು. ದಯವಿಟ್ಟು ಅದನ್ನು ಕನ್ನಡದಲ್ಲಿ ಕೊಡಿ. ನೋಟಿನ ಮೇಲೆ 15 ಭಾಷೆಗೆ ಜಾಗ ಮಾಡಿದ್ದೀರಿ, ನಿಯಮಕ್ಕೂ ಅಷ್ಟೇ ಜಾಗ ಮಾಡಿ. ನಾನು ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿ ಮೈಸೂರಿನ ಪ್ರತಿ ಪ್ರೆಸ್ಸಿನ ಗೋಡೆಗೂ ಅಂಟಿಸುತ್ತೇನೆ. ಶಾಲೆಯ ಮೇಡಂ ಥರದವರು ಪಾಠಕ್ಕೆ ಕೇಳಿದರೆ ಒಪ್ಪಿಗೆ ಸುಲಭವಾಗಿ ಸಿಗಲಿ.

ಎಲ್ಲಕ್ಕಿಂತ ಬೇಗ ಆಗಬೇಕಾದದ್ದು ಬ್ಯಾಂಕ್ ಕೌಂಟರಿನಲ್ಲಿ. ಖೋಟಾ ನೋಟಿಗೆ ಇರುವ ನಿರ್ದೇಶನದ ಜೊತೆಗೆ ಒಂದು ಸಾಲು ಸೇರಿಸಿ. ನೋಟಿನ ಅಳತೆಯಲ್ಲೇ, ನೋಟಿನ ಬಣ್ಣದಲ್ಲೇ ಇರುವ ಕಾಗದವನ್ನು ಯಾರಾದರೂ ಮೋಸ ಹೋಗಿ ತಂದರೆ ಬ್ಯಾಂಕಿನವರು ಅದನ್ನು ಇಟ್ಟುಕೊಳ್ಳಲಿ, ಬರೆದುಕೊಳ್ಳಲಿ, ರಸೀದಿ ಕೊಡಲಿ. ದುಡ್ಡು ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ, ಖೋಟಾ ನೋಟಿಗೇ ಕೊಡುವುದಿಲ್ಲ. ಲೆಕ್ಕಕ್ಕಾದರೂ ಬರಲಿ. ಎಷ್ಟು ಜನ ಹೂವಿನವರು, ಸೊಪ್ಪಿನವರು, ಆಟೋದವರು ಹೀಗೆ ಕಳೆದುಕೊಳ್ಳುತ್ತಿದ್ದಾರೆ ಅಂತ ತಮ್ಮ ಕಚೇರಿಗೆ ಗೊತ್ತಾಗಲಿ.

ಕಣ್ಣು ಕಾಣದವರಿಗೆ ನೋಟು ಗುರುತಿಸಲು 2020ರಲ್ಲಿ ಮಣಿ ಅನ್ನುವ ಆ್ಯಪ್ ಮಾಡಿದ್ದೀರಿ, ಒಳ್ಳೆಯ ಕೆಲಸ. ಅದೇ ಕಾಳಜಿಯಲ್ಲಿ ಒಮ್ಮೆ ಸಂತೆಗಳಿಗೂ ಬನ್ನಿ. ಉಬ್ಬಿದ ಶಾಯಿ, ಓರೆ ಮಾಡಿದರೆ ಹಸಿರಿನಿಂದ ನೀಲಿಗೆ ತಿರುಗುವ ದಾರ, ಬೆಳಕಿಗೆ ಹಿಡಿದರೆ ಕಾಣುವ ಗಾಂಧೀಜಿ, ಈ ಮೂರನ್ನು ಅಸಲಿ ನೋಟು ಕೈಗೆ ಕೊಟ್ಟು ತೋರಿಸಿದರೆ ಸಾಕು. ನಾನು ಹೂವಮ್ಮನಿಗೆ ತೋರಿಸಿದೆ. ಐದು ನಿಮಿಷ ಹಿಡಿಯಿತು. ಈಗ ಅವರು ಪ್ರತಿ ಐನೂರನ್ನೂ ಬಿಡಿಸಿ, ಅಂಚಿನ ಗೆರೆಗಳ ಮೇಲೆ ಹೆಬ್ಬೆರಳು ಉಜ್ಜಿ ನೋಡಿಯೇ ಸೆರಗಿಗೆ ಕಟ್ಟುವುದು.

ಹೂವಮ್ಮನಿಗೆ ಸಿಕ್ಕ ಆ ಕಾಗದವನ್ನು ಈ ಪತ್ರದ ಜೊತೆ ಸ್ಪೀಡ್ ಪೋಸ್ಟಿನಲ್ಲಿ ತಮಗೆ ಕಳಿಸುತ್ತಿದ್ದೇನೆ. ಹರಿದು ಬಿಸಾಡೋಣ ಅಂದಿದ್ದೆ, ಅವರು ಬಿಡಲಿಲ್ಲ. "ನಿಜವಾದ ನೋಟು ಮಾಡೋರ ಹತ್ರಾನೇ ಕಳಿಸಪ್ಪ, ಅವರಿಗಾದ್ರೂ ಗೊತ್ತಾಗ್ಲಿ" ಅಂದರು. ಅದು ತಲುಪಿದೆ ಅನ್ನುವುದಕ್ಕೆ ತಮ್ಮ ಕಚೇರಿಯಿಂದ ಒಂದು ರಸೀದಿ ಕಳಿಸಿಕೊಡಿ. ಅದು ಅವರ ಹೆಸರಿಗೇ ಇರಲಿ, ಕನ್ನಡದಲ್ಲಿರಲಿ. ಅವರ ಹೆಸರು, ವಿಳಾಸವನ್ನು ಲಕೋಟೆಯ ಒಳಗೆ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮುದ್ರಕ,
ಮೈಸೂರು

ಪ್ರತಿ: ಮಾನ್ಯ ಕೇಂದ್ರ ಗೃಹ ಸಚಿವರು ಮತ್ತು ಮಾನ್ಯ ಕೇಂದ್ರ ಹಣಕಾಸು ಸಚಿವರು, ನವದೆಹಲಿ